ಬಣ್ಣಕ್ಕಲ್ಲ ಸ್ವಾಮಿ, ಗೆರೆಗೆ ದುಡ್ಡು

'ಎಷ್ಟಾಗ್ತದೆ ಮಾರಾಯ್ರೆ?'

ಈ ಪ್ರಶ್ನೆಗೆ ಉತ್ತರ ಹೇಳೋದಕ್ಕಿಂತ ಇನ್‌ಕಮ್ ಟ್ಯಾಕ್ಸ್ ಫಾರಮ್ ತುಂಬೋದೇ ವಾಸಿ ಅನ್ಸುತ್ತೆ ನನಗೆ. ಕೇಳಿದವರು ಮಲ್ಪೆ ಕಡೆಯವರು, ಈಗ ಮಿಸ್ಸಿಸಾಗದಲ್ಲಿ ಮನೆ, ನಿವೃತ್ತರು. ಎರಡು ಚಳಿಗಾಲ ಕೂತು ತಮ್ಮ ತಂದೆಯವರ ಟ್ರಾಲ್ ಬೋಟಿನ ಮಾದರಿ ಕಟ್ಟಿದ್ದಾರೆ. ಮೂರಡಿ ಉದ್ದ, ಫೈಬರ್‌ಗ್ಲಾಸ್ ಮೈ, ಒಳಗೆ ಮೋಟರು, ಬ್ಯಾಟರಿ, ರಿಮೋಟ್ ಎಲ್ಲಾ ಇದೆ. ಯುಗಾದಿ ಊಟ ಮುಗಿಸಿ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆಗೆದು, ಬೆಡ್‌ಶೀಟ್ ಸರಿಸಿ, ಮಗು ತೋರಿಸಿದ ಹಾಗೆ ತೋರಿಸಿದ್ರು. 'ಎಲ್ಲ ಮಾಡಿದೆ, ಬಣ್ಣ ಮಾತ್ರ ನನ್ನ ಕೈಯಲ್ಲಿ ಆಗುದಿಲ್ಲ. ನೀವು ಮಾಡ್ತೀರಂತೆ?'

ಹೌದು, ಮಾಡ್ತೀನಿ. ಹಗಲು ಆಫೀಸು, ರಾತ್ರಿ ಮತ್ತು ವಾರಾಂತ್ಯ ಥಾರ್ನ್‌ಹಿಲ್‌ನ ನಮ್ಮ ಬೇಸ್‌ಮೆಂಟಿನಲ್ಲಿ ದೋಣಿಗಳಿಗೆ ಬಣ್ಣ. ಇನ್ನೂರು ಡಾಲರ್ ಅಂದೆ. ಯಾಕೆ ಇನ್ನೂರು? ನೂರು ಅಂದ್ರೆ ಕೆಲಸ ಚೆನ್ನಾಗಿರಲ್ಲ ಅಂದ್ಕೋತಾರೆ, ಮುನ್ನೂರು ಅಂದ್ರೆ ನಮ್ಮವರ ಹತ್ರಾನೇ ಸುಲಿಗೆ ಮಾಡ್ತಾನೆ ಅಂದ್ಕೋತಾರೆ. ನನ್ನ ಲೆಕ್ಕಾಚಾರ ಇಷ್ಟೇ. ಅವರೂ ತಕ್ಷಣ ಒಪ್ಪಿಬಿಟ್ರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಗೊತ್ತಾಗಬೇಕಿತ್ತು.

*

ಈ ಸಲ ಮೊದಲ ಬಾರಿಗೆ ಗೋಡೆ ಮೇಲೆ ಒಂದು ಕಾಗದ ಅಂಟಿಸಿ, ಕೂತಾಗೆಲ್ಲ ಗಂಟೆ ಬರೆದಿಟ್ಟೆ. ಅದನ್ನ ನೋಡಿ ನೀವೂ ಸ್ವಲ್ಪ ಗಾಬರಿಯಾಗಿ.

ಅಚ್ಚಿನಿಂದ ಬಂದ ಫೈಬರ್‌ಗ್ಲಾಸಿಗೆ ಕಣ್ಣಿಗೆ ಕಾಣದ ಮೇಣದ ಪದರ ಇರುತ್ತೆ, ಅದನ್ನ ತೊಳೀದೇ ಹಚ್ಚಿದ್ರೆ ಬಣ್ಣ ಹಾವಿನ ಪೊರೆ ಥರ ಎದ್ದು ಬರುತ್ತೆ. ತೊಳೆದು, ಉಪ್ಪು ಕಾಗದ ಹಾಕಿ ಒಣ ಉಜ್ಜಿ, ಆಮೇಲೆ ನೀರು ಹಾಕಿ ನುಣ್ಣಗೆ ಉಜ್ಜೋದಕ್ಕೆ 5 ಗಂಟೆ. ಸಣ್ಣ ತೂತುಗಳಿಗೆ ಪುಟ್ಟಿ, ಮೇಲೆ ಪ್ರೈಮರ್, 3. ಆಮೇಲೆ ನೀರಿನ ಮಟ್ಟದ ಗೆರೆ. ಅದನ್ನ ಊಹೆ ಮೇಲೆ ಎಳೆಯೋ ಹಾಗಿಲ್ಲ. ಬ್ಯಾಟರಿ, ಸೀಸದ ತೂಕ ಎಲ್ಲಾ ಹಾಕಿ ಬಚ್ಚಲ ಟಬ್ಬಿನಲ್ಲಿ ತೇಲಿಸಿ, ನೀರು ಎಲ್ಲಿ ಮುಟ್ಟುತ್ತೋ ಅಲ್ಲಿ ಗುರುತು ಮಾಡಿ, ಮೇಜಿನ ಮೇಲೆ ಮಟ್ಟವಾಗಿ ಕೂರಿಸಿ, ಮರದ ತುಂಡಿಗೆ ಪೆನ್ಸಿಲ್ ಕಟ್ಟಿ ಸುತ್ತ ಎಳೀಬೇಕು. 2 ಗಂಟೆ. (ನನ್ನಾಕೆ ಬಾತ್‌ರೂಮಿನ ಬಾಗಿಲು ಬಡಿದಿದ್ದು ಇದರಲ್ಲಿ ಸೇರಿಲ್ಲ.) ಕೆಳಗೆ ಕೆಂಪು, ನಡುವೆ ಕಪ್ಪು ಪಟ್ಟಿ, ಮೇಲೆ ನೀಲಿ, ಅದರ ಮೇಲೆ ಹಳದಿ ಅಂಚು: ಟೇಪು ಹಚ್ಚೋದು, ಸಿಂಪಡಿಸೋದು, ಟೇಪು ತೆಗೆಯೋದು ಎಲ್ಲ ಸೇರಿ 9. ಮೇಲಿನ ಕ್ಯಾಬಿನ್ನಿಗೆ 7. ಹೆಸರು ಬರೆಯೋದಕ್ಕೆ 8. ಕೊನೆಗೆ ವಾರ್ನಿಶ್, ಸಣ್ಣ ಪುಟ್ಟ ರಿಪೇರಿ, 4.

ನೀಲಿ ಬಣ್ಣ ಹುಡುಕೋದಕ್ಕೇ 6 ಗಂಟೆ! ಅದೊಂದು ಕಥೆ. ಅವರು ಕೊಟ್ಟ ಫೋಟೋ ಹಳೇದು, ಎಲ್ಲಾ ಕೆಂಪಗೆ ತಿರುಗಿತ್ತು. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ಬಹಳಷ್ಟು ಸಲ ಮೊದಲು ಮಾಯವಾಗೋದೇ ನೀಲಿ ಛಾಯೆ. ಅಂದ್ರೆ ನನಗೆ ಬೇಕಾದ್ದೊಂದನ್ನ ಬಿಟ್ಟು ಉಳಿದಿದ್ದೆಲ್ಲ ಫೋಟೋದಲ್ಲಿತ್ತು. ಈಗ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇದೆಯಲ್ಲ, ಬೋಟುಗಳಿಗೆ ರಿಪೇರಿ, ಬಣ್ಣ ಆಗೋದು ಆ ಬಿಡುವಿನಲ್ಲೇ. ಇವರ ತಂದೆಯವರೂ ಮಳೆಗಾಲಕ್ಕೊಮ್ಮೆ ಹೊಸ ಬಣ್ಣ ಹೊಡೆಸ್ತಿದ್ರಂತೆ, ವರ್ಷಕ್ಕೊಂದು ನೀಲಿ. 'ಯಾವ ವರ್ಷದ ನೀಲಿ ಬೇಕು?' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನು ಊರು ಬಿಟ್ಟ ವರ್ಷದ್ದು' ಅಂದ್ರು. ಇದಕ್ಕೆ ರೇಟು ಹೇಗೆ ಹಾಕೋದು, ಹೇಳಿ? ಹನ್ನೊಂದು ತಗಡಿನ ಚೂರಿಗೆ ಹನ್ನೊಂದು ನೀಲಿ ಹಚ್ಚಿ ತಗೊಂಡು ಹೋದೆ. ದೊಡ್ಡ ಬೋಟಿನ ಬಣ್ಣವನ್ನೇ ಚಿಕ್ಕ ಮಾದರಿಗೆ ಹಚ್ಚಿದ್ರೆ ಕಣ್ಣಿಗೆ ಗಾಢವಾಗಿ ಕಾಣುತ್ತೆ, ಅದಕ್ಕೇ ಸ್ವಲ್ಪ ಬಿಳಿ ಬೆರೆಸಿ ತಿಳಿ ಮಾಡಬೇಕು. ಅವರು ಏಳನೇ ಚೂರು ಹಿಡ್ಕೊಂಡು ಕಿಟಕಿ ಹತ್ರ ಹೋದ್ರು, ವಾಪಸ್ ಬರೋದಕ್ಕೆ ಸ್ವಲ್ಪ ಹೊತ್ತಾಯ್ತು.

ಒಟ್ಟು 44 ಗಂಟೆ. ಬಣ್ಣ, ಥಿನ್ನರ್, ಟೇಪು ಸೇರಿ 70 ಡಾಲರ್ ಕೈಯಿಂದ ಹೋಯ್ತು. ಉಳಿದ 130ನ್ನ 44ರಿಂದ ಭಾಗಿಸಿದ್ರೆ ಗಂಟೆಗೆ ಮೂರು ಡಾಲರ್ ಕೂಡಾ ಇಲ್ಲ. ಒಂಟೇರಿಯೋದಲ್ಲಿ 2025ರ ಅಕ್ಟೋಬರ್ 1ರಿಂದ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್.

*

ನನ್ನ ಪೆದ್ದತನದ ಬಗ್ಗೆ ನಗಾಡ್ಕೊಂಡು ಇಲ್ಲಿಗೇ ಮುಗಿಸಬಹುದಿತ್ತು, ಆದ್ರೆ ಮುಗೀಲಿಲ್ಲ. ಮೇ ತಿಂಗಳ ಒಂದು ಭಾನುವಾರ ಹಂಬರ್ ಬೇ ಪಾರ್ಕಿನ ಕೊಳದಲ್ಲಿ ಬೋಟ್ ಇಳಿಸಿದ್ವಿ. ಬಹಳ ಚೆನ್ನಾಗಿ ತೇಲ್ತು, ಗೆರೆ ಸರಿಯಾಗಿ ನೀರಿನ ಮೇಲೇ ಕೂತಿತ್ತು, ನಾನು ಬೀಗ್ತಾ ನಿಂತಿದ್ದೆ. ಅಲ್ಲಿಗೆ ಬರೋ ಒಬ್ಬ ಪೋರ್ಚುಗೀಸ್ ಅಜ್ಜ ಇದ್ದಾರೆ. ಜೀವಮಾನವಿಡೀ ಕಾರುಗಳಿಗೆ ಬಣ್ಣ ಹೊಡೆದವರು, ಈಗ ಪೆನ್ಷನ್ ಸಾಲದೇ ಮಾದರಿ ದೋಣಿಗಳಿಗೆ ಬಣ್ಣ ಮಾಡಿಕೊಡ್ತಾರೆ. ಹತ್ತಿರ ಬಂದು ಬಗ್ಗಿ ನೋಡಿ, ಒಳ್ಳೇ ಕೆಲಸ ಅಂದ್ರು. ಎಷ್ಟು ತಗೊಂಡೆ ಅಂತ ಕೇಳಿದ್ರು. ಹೇಳಿದೆ.

'ಇದೇ ಬೋಟಿಗೆ ನಾನು ಒಂಬೈನೂರು ಹೇಳಿದ್ದೆ' ಅಂದ್ರು.

ನಮ್ಮ ಮಲ್ಪೆಯವರು ಮೊದಲು ಅವರ ಹತ್ರಾನೇ ಹೋಗಿದ್ರಂತೆ, ನನಗೆ ಗೊತ್ತಿರಲಿಲ್ಲ. ಅಜ್ಜ ಬೈಲಿಲ್ಲ. ನಿನಗೆ ಸಂಬಳ ಬರುತ್ತೆ, ನಿನಗೆ ಇದು ಆಟ, ನನಗೆ ಇದು ಒಂದು ತಿಂಗಳ ದಿನಸಿ ಅಂತ ಮೆಲ್ಲಗೆ ಹೇಳಿ ತಮ್ಮ ದೋಣಿ ಹತ್ರ ಹೋದ್ರು. ಬೈದಿದ್ರೇ ವಾಸಿಯಿತ್ತು.

ಮನೆಗೆ ಬಂದು ಮತ್ತೆ ಲೆಕ್ಕ ಹಾಕ್ದೆ. ನನ್ನ 44 ಗಂಟೆಗೆ ಬರೀ ಕನಿಷ್ಠ ಕೂಲಿ ಹಾಕಿ, ಸಾಮಾನಿನ 70 ಸೇರಿಸಿದ್ರೂ 844 ಡಾಲರ್ ಚಿಲ್ಲರೆ ಆಗುತ್ತೆ. ದುಬಾರಿ ಅನ್ನಿಸಿದ ಒಂಬೈನೂರು ಅದಕ್ಕಿಂತ ಒಂದು ಸಣ್ಣ ಮೆಟ್ಟಿಲು ಮೇಲೆ, ಅಷ್ಟೇ. ಅವರ ಕೈ ನನಗಿಂತ ಬೇಗ ಓಡುತ್ತೆ, ಆ ವ್ಯತ್ಯಾಸವೇ ಅವರ ಸಂಪಾದನೆ.

*

ಇದಕ್ಕೊಂದು ಹಳೇ ಉದಾಹರಣೆ ನಮ್ಮ ಟೊರಾಂಟೋದಲ್ಲೇ ಇದೆ. ಫಿಂಚ್‌ನಲ್ಲಿ ಸಬ್‌ವೇ ಹತ್ತಿ ಸೇಂಟ್ ಪ್ಯಾಟ್ರಿಕ್‌ನಲ್ಲಿ ಇಳಿದ್ರೆ ಆರ್ಟ್ ಗ್ಯಾಲರಿ ಆಫ್ ಒಂಟೇರಿಯೋ. ಅಲ್ಲಿ ಕೆನ್ ಥಾಮ್ಸನ್ ಸಂಗ್ರಹದ ಹಡಗಿನ ಮಾದರಿಗಳಿವೆ. ಫ್ರಾಂಕ್ ಗೆಹ್ರಿ ವಿನ್ಯಾಸದ ಹೊಸ ಕಟ್ಟಡ 2008ರಲ್ಲಿ ತೆರೆದಾಗಿನಿಂದ ನಾನು ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. ಅದರಲ್ಲಿ ಕೆಲವು ಮೂಳೆಯಲ್ಲಿ ಮಾಡಿದಂಥವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿಗೆ ಸೆರೆಸಿಕ್ಕ ಫ್ರೆಂಚರು, ಊಟದಲ್ಲಿ ಉಳಿದ ಮೂಳೆ ಬೇಯಿಸಿ, ಕೆತ್ತಿ, ಮಾದರಿ ಹಡಗು ಮಾಡಿ ಸೆರೆಮನೆ ಸಂತೆಯಲ್ಲಿ ಮಾರ್ತಿದ್ರು. ಹಗ್ಗಗಳು ಕೂದಲೆಳೆಯಷ್ಟು ಸಣ್ಣ. ನೋಡಿದ್ರೆ ಕಣ್ಣು ತುಂಬಿ ಬರುತ್ತೆ. ಅದೇ ಕೈದಿಗಳು ಹುಲ್ಲಿನ ಜಡೆ ಹೆಣೆದು ಟೋಪಿ ಮಾಡೋರಿಗೆ ಮಾರೋಕೆ ಶುರು ಮಾಡಿದಾಗ ಮಾತ್ರ ಸುತ್ತಲಿನ ಹಳ್ಳಿಯ ಬಡವರ ಕಸುಬಿಗೆ ಏಟು ಬಿತ್ತು. ನಾರ್ಮನ್ ಕ್ರಾಸ್ ಸೆರೆಮನೆಯಲ್ಲಿ ಅದನ್ನ ನಿಷೇಧ ಮಾಡಬೇಕಾಯ್ತು. ಕೈದಿಯ ಕೈಚಳಕ ಹೆಚ್ಚು ಅಂತಲ್ಲ, ಅವನ ಊಟ ಸರ್ಕಾರದ್ದು, ಅವನು ಎಷ್ಟಕ್ಕೆ ಬೇಕಾದ್ರೂ ಕೊಡಬಹುದಿತ್ತು.

ನನ್ನ ಊಟ ನಮ್ಮ ಆಫೀಸಿನದು. ಅಷ್ಟೇ ವ್ಯತ್ಯಾಸ.

ಹಾಗಂತ ಹವ್ಯಾಸಕ್ಕೆ ಮಾಡೋರು ಕೈ ಕಟ್ಕೊಂಡು ಕೂರಬೇಕು ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು: ಸ್ನೇಹಕ್ಕೆ ಮಾಡಿದ್ರೆ ಬಿಟ್ಟಿ ಮಾಡಿ, ದುಡ್ಡಿಗೆ ಮಾಡಿದ್ರೆ ಪೂರ್ತಿ ದರ ತಗೊಳ್ಳಿ. ಈ ನಡುವಿನ 'ಏನೋ ಕೊಡಿ, ಸಾಮಾನಿನ ಖರ್ಚು ಬಂದ್ರೆ ಸಾಕು' ಅನ್ನೋದಿದೆಯಲ್ಲ, ಅದೇ ಕೆಟ್ಟದ್ದು. ಬಿಟ್ಟಿ ಮಾಡಿದ್ದನ್ನ ಯಾರೂ ದರ ಅನ್ನಲ್ಲ, ಉಡುಗೊರೆ ಅಂತಾರೆ. ಇನ್ನೂರು ತಗೊಂಡ್ರೆ ನಾಳೆಯಿಂದ ಮಾರ್ಕೆಟ್ಟಿನಲ್ಲಿ 'ಇನ್ನೂರಕ್ಕೆ ಆಗುತ್ತೆ' ಅನ್ನೋ ಮಾತು ಓಡಾಡುತ್ತೆ. ಆ ಮಾತಿಗೆ ಅಜ್ಜ ಉತ್ತರ ಕೊಡಬೇಕಾಗುತ್ತೆ, ನಾನಲ್ಲ.

'ಅಷ್ಟು ದುಡ್ಡು ಕೊಡೋಕೆ ಆಗದವರು ಏನು ಮಾಡಬೇಕು?' ಅಂತ ನನ್ನಾಕೆ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ಕೆಲಸ ಕಡಿಮೆ ಮಾಡಿ, ದರ ಕಡಿಮೆ ಮಾಡಬೇಡಿ ಅನ್ನೋದು ನನ್ನ ಉತ್ತರ. ನಾಲ್ಕು ಬಣ್ಣದ ಬದಲು ಎರಡು ಸಾಕು. ಉಜ್ಜೋದು ಅವರೇ ಉಜ್ಜಿಕೊಂಡು ಬರಲಿ, ಐದು ಗಂಟೆ ಉಳೀತು.

*

ಇನ್ನೊಂದು ವಿಷಯ. ದೋಣಿಗೆ ಬಣ್ಣ ಅಂದ್ರೆ ಎಲ್ಲರೂ ಕೇಳೋದು 'ಇಂಚಿಗೆ ಎಷ್ಟು?' ಅಂತ. ಇದು ಶುದ್ಧ ತಪ್ಪು. ಮೂರಡಿ ದೋಣಿ ಒಂದೇ ಬಣ್ಣದ್ದಾದ್ರೆ ಒಂದು ಮಧ್ಯಾಹ್ನದಲ್ಲಿ ಸಿಂಪಡಿಸಬಹುದು. ಒಂದಡಿ ದೋಣಿಗೆ ನಾಲ್ಕು ಬಣ್ಣ ಇದ್ರೆ ವಾರ ಬೇಕು. ಸಮಯ ತಿನ್ನೋದು ಬಣ್ಣ ಅಲ್ಲ, ಒಂದು ಬಣ್ಣ ಇನ್ನೊಂದನ್ನ ಮುಟ್ಟೋ ಗೆರೆ. ಅಲ್ಲಿ ಟೇಪು ಹಚ್ಚಬೇಕು, ಟೇಪಿನ ಅಂಚಿಗೆ ಕೆಳಗಿನ ಬಣ್ಣವನ್ನೇ ತೆಳ್ಳಗೆ ಹೊಡೆದು ಮುಚ್ಚಬೇಕು, ಇಲ್ಲಾಂದ್ರೆ ಮೇಲಿನದು ಒಳಗೆ ನುಸುಳುತ್ತೆ. ಒಣಗೋ ತನಕ ಕಾಯಬೇಕು, ಉಸಿರು ಹಿಡ್ಕೊಂಡು ಟೇಪು ಎಳೀಬೇಕು. ಹಾಗಾಗಿ ಎಷ್ಟು ಗೆರೆ, ಎಷ್ಟು ಅಕ್ಷರ ಅಂತ ಎಣಿಸಿ ದರ ಹೇಳಬೇಕು. ಬಣ್ಣ ಹೊಂದಿಸೋ ಕೆಲಸಕ್ಕೆ ಬೇರೆ ದರ, ಮೂರು ಸ್ಯಾಂಪಲ್ ತನಕ ಮಾತ್ರ. 'ಇನ್ನೊಂಚೂರು ನೀಲಿ' ಅಂದಾಗೆಲ್ಲ ಗಡಿಯಾರ ಓಡುತ್ತೆ ಅಂತ ಮೊದಲೇ ಹೇಳಿಬಿಡಬೇಕು.

ಇದನ್ನ ನಾನು ಕಂಡುಹಿಡಿದಿದ್ದಲ್ಲ. ತಿಪಟೂರಿನಲ್ಲಿ ನಮ್ಮ ಬೀದಿಯಲ್ಲಿದ್ದ ಬೋರ್ಡ್ ಬರೆಯೋ ಪೇಂಟರ್ ಮಾಮ ಅಕ್ಷರದ ಲೆಕ್ಕದಲ್ಲೇ ದುಡ್ಡು ತಗೋತಿದ್ರು. ಕೊಬ್ಬರಿ ಮಂಡಿಯ ಸಾಹುಕಾರರಿಗೂ ಅವರಿಗೂ ಒತ್ತಕ್ಷರದ ಮೇಲೆ ಜಗಳ. ಒತ್ತು ಅಕ್ಷರದೊಳಗೇ ಸೇರುತ್ತೆ ಅಂತ ಸಾಹುಕಾರರು, ಅದಕ್ಕೂ ಕುಂಚ ಅದ್ದಬೇಕು ತಾನೇ ಅಂತ ಮಾಮ. ಒಂದು ಸಲ ಸಾಹುಕಾರರು ಹಠಕ್ಕೆ ಬಿದ್ದು ದುಡ್ಡು ಕೊಡಲ್ಲ ಅಂದಾಗ, ಮಾಮ ಒತ್ತುಗಳನ್ನೆಲ್ಲ ಬಿಟ್ಟು ಬರೆದಿಟ್ಟು ಬಂದ್ರು! ಎರಡು ದಿನ ಇಡೀ ಪೇಟೆ ನಿಂತು ಓದಿ ನಕ್ಕಮೇಲೆ ದುಡ್ಡು ಬಂತು. ಆಮೇಲೆ ಫ್ಲೆಕ್ಸ್ ಬಂತು, ಮಾಮನ ಕೆಲಸ ಹೋಯ್ತು. ಅದು ಬೇರೆ ಮಾತು.

ಈ ಬೋಟಿನ ಹೆಸರು 'ಶ್ರೀ ದುರ್ಗಾಪರಮೇಶ್ವರಿ'. ಎಂಟು ಅಕ್ಷರ, ಮೂರು ಒತ್ತು, ಎರಡೂ ಬದಿಗೆ ಬರೀಬೇಕು, ಅಕ್ಷರದ ಎತ್ತರ ಆರು ಮಿಲಿಮೀಟರ್. 'ಶ್ವ'ದ ಕೆಳಗಿನ ವ ಒತ್ತನ್ನ ಐದು ಸಲ ಒರೆಸಿ ಬರೆದೆ. ಮಾಮನ ಲೆಕ್ಕ ನೆನಪಾಗಿದ್ದೇ ಆಗ. ಇಲ್ಲೇ ಸೆಂಟರ್ ಸ್ಟ್ರೀಟಿನಲ್ಲಿ ವಾಕಿಂಗ್ ಹೋಗುವಾಗ ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ಇದ್ದ ಮನೆ ಸಿಗುತ್ತೆ. ಗ್ರೂಪ್ ಆಫ್ ಸೆವೆನ್ ಚಿತ್ರಕಾರರಲ್ಲಿ ಒಬ್ಬರು, ಅವರ 1916ರ 'ದಿ ಟ್ಯಾಂಗಲ್ಡ್ ಗಾರ್ಡನ್' ಚಿತ್ರದಲ್ಲಿರೋದು ಆ ಮನೆ ತೋಟ. ಅಂಥವರೂ ಗ್ರಿಪ್ ಅನ್ನೋ ಕಂಪನಿಯಲ್ಲಿ ಜಾಹೀರಾತು ವಿನ್ಯಾಸ ಮಾಡ್ಕೊಂಡು ಹೊಟ್ಟೆ ಹೊರೆದಿದ್ರು. ಆ ಮನೆ ಮುಂದೆ ಹೋಗುವಾಗೆಲ್ಲ, ಇವರು ಅಕ್ಷರಕ್ಕೆ ಎಷ್ಟು ತಗೋತಿದ್ರೋ ಅಂತ ಒಂದು ಯೋಚನೆ ಬಂದು ಹೋಗುತ್ತೆ.

*

ಮಲ್ಪೆಯವರಿಗೆ ಫೋನ್ ಮಾಡಿ ಅಜ್ಜನ ವಿಷಯ ಹೇಳ್ದೆ. ಪಾಪ, ಅವರಿಗೆ ಸಂಕೋಚ ಆಯ್ತು. 'ಉಳಿದದ್ದು ಕೊಡ್ತೇನೆ ಮಾರಾಯ್ರೆ' ಅಂದ್ರು. ಬೇಡ ಅಂದೆ, ಒಪ್ಪಿದ ಮಾತು ಒಪ್ಪಿದ ಮಾತೇ. ಅವರ ಇನ್ನೂರನ್ನೂ ವಾಪಸ್ ಮಾಡಿದೀನಿ, ಅದು ಈಗ ಉಡುಗೊರೆ. ಇದರಿಂದ ಅಜ್ಜನಿಗೆ ಏನೂ ಸಿಗಲಿಲ್ಲ ಅಂತ ನನಗೂ ಗೊತ್ತು.

ಹೋದ ತಿಂಗಳು ಬ್ರಾಂಪ್ಟನ್‌ನಿಂದ ಒಬ್ಬರು ಫೋನ್ ಮಾಡಿದ್ರು. ಎರಡಡಿ ಟಗ್ ಬೋಟು, ಮೂರು ಬಣ್ಣ. ಅಜ್ಜನ ನಂಬರ್ ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಅವರದ್ದೇ ಫೋನು.

'ಆರುನೂರೈವತ್ತು ಅಂತಾರಲ್ರೀ! ನೀವು ಎಷ್ಟಕ್ಕೆ ಮಾಡ್ಕೊಡ್ತೀರಾ?'

'ನಾನೂ ಅಷ್ಟೇ' ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ಮನೇಲಿ ಕೇಳಿ ಹೇಳ್ತೀನಿ' ಅಂತ ಇಟ್ರು. ಮೂರು ವಾರ ಆಯ್ತು, ಇಬ್ಬರಿಗೂ ಫೋನ್ ಬಂದಿಲ್ಲ.