ಅತಿಥಿಯೂ ಅಲ್ಲ, ಗೂಢಚಾರನೂ ಅಲ್ಲ

2023ರ ಮೇ ತಿಂಗಳಲ್ಲಿ ಮುಂಬೈಯ ಬಂದರೊಂದರ ಬಳಿ ಸಿಕ್ಕಿದ ಪಾರಿವಾಳವೊಂದು ಎಂಟು ತಿಂಗಳು ಬಂಧನದಲ್ಲಿತ್ತು. ಕಾಲಿನ ಉಂಗುರದ ಮೇಲೆ ಚೀನೀ ಲಿಪಿಯಂತೆ ಕಾಣುವ ಬರಹವಿತ್ತು ಎಂಬುದೇ ಗುಮಾನಿಗೆ ಕಾರಣ. ಅದು ತೈವಾನಿನ ಪಂದ್ಯದ ಪಾರಿವಾಳ ಎಂದು ಗೊತ್ತಾಗಿ, 2024ರ ಜನವರಿ ಕೊನೆಗೆ ಹಾರಿಬಿಟ್ಟರು. ಅದೇ ವಾರ ಗದಗ ಜಿಲ್ಲೆಯ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಪತ್ರಿಕೆಗಳಲ್ಲಿ ಕಾಯಂ ಹೆಸರು ‘ವಿದೇಶಿ ಅತಿಥಿಗಳು’.

ಗೂಢಚಾರ, ಅತಿಥಿ: ಎರಡೂ ಪದ ಹಕ್ಕಿಯನ್ನು ಹೊಸಿಲಾಚೆಯೇ ನಿಲ್ಲಿಸುತ್ತವೆ. ವರ್ಷದಲ್ಲಿ ನಾಲ್ಕೈದು ತಿಂಗಳು ಇಲ್ಲಿನ ಕೆರೆಯಲ್ಲಿದ್ದು, ಇಲ್ಲಿನ ಹೊಲದಲ್ಲಿ ಮೇಯುವುದು ಅತಿಥಿ ಹೇಗಾದೀತು? (ಪುಣೆ, ಚೆನ್ನೈಗಳಲ್ಲಿ ದಶಕಗಳಿಂದ ಬಾಡಿಗೆ ಕಟ್ಟುತ್ತಿರುವ ಕನ್ನಡಿಗರಿಗೆ ಈ ಪ್ರಶ್ನೆ ಹೊಸದೇನಲ್ಲ.) ಪೊಲೀಸ್ ಠಾಣೆಗೆ ಫೋನು ಮಾಡುವವರೂ ‘ಸ್ವಾಗತ’ ಎಂದು ವಾಟ್ಸಾಪಿಗೆ ಹಾಕುವವರೂ ಬಿಟ್ಟುಬಿಡುವ ಕೆಲಸ ಒಂದೇ, ಹಕ್ಕಿಯ ಮೈಮೇಲೆ ಬರೆದದ್ದನ್ನು ಓದುವುದು.

ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿಕೊಂಡ ಹೆಬ್ಬಾತುಗಳು ಹಿಮಾಲಯ ದಾಟಿ ಮೈಸೂರು ಸೀಮೆಯ ಹದಿನಾರು ಕೆರೆಯವರೆಗೂ ಬಂದಿವೆ. ಇದು ಗೊತ್ತಾದದ್ದು ದಂಡೆಯಲ್ಲಿ ನಿಂತ ಯಾರೋ ಪಟ್ಟಿಯ ಅಕ್ಷರಗಳನ್ನು ಓದಿ ಬರೆದು ಕಳಿಸಿದ್ದರಿಂದ. ಕಾಲಿನ ಲೋಹದ ಉಂಗುರ ಓದಲು ಹಕ್ಕಿ ಬಹುಮಟ್ಟಿಗೆ ಕೈಗೇ ಸಿಗಬೇಕು. ಕೊರಳಪಟ್ಟಿಯನ್ನು ದುರ್ಬೀನಿನಲ್ಲಿ ದೂರದಿಂದಲೇ ಓದಬಹುದು. ಹತ್ತಿರ ಹೋಗಿ ಎಬ್ಬಿಸುವ ಅಗತ್ಯವೇ ಇಲ್ಲ.

ಆದರೆ ಓದು ಕಟ್ಟುನಿಟ್ಟಾಗಿರಬೇಕು. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಸಂಕೇತ, ಊರು, ದಿನಾಂಕ, ಜೊತೆಗಿದ್ದ ಹಕ್ಕಿಗಳ ಎಣಿಕೆ, ಸಿಕ್ಕರೆ ಫೋಟೊ. 8 ಇರಬಹುದು, ಬಿ ಇರಬಹುದು ಎನಿಸಿದರೆ ಹಾಗೆಂದೇ ಬರೆಯಬೇಕು. ಅಂದಾಜಿನಿಂದ ತುಂಬಿದ ಒಂದು ಅಕ್ಷರ ಬೇರೊಂದು ಹಕ್ಕಿಯ ಚರಿತ್ರೆಗೆ ಹೋಗಿ ಸೇರುತ್ತದೆ. ಎಂದೋ ಸತ್ತ ಹೆಬ್ಬಾತು ದಾಖಲೆಯಲ್ಲಿ ಮತ್ತೆ ಹಾರತೊಡಗುತ್ತದೆ. ಚಂದ ಕಾಣಲೆಂದು ಫೋಟೊದಿಂದ ಪಟ್ಟಿಯನ್ನೇ ಕತ್ತರಿಸುವ ಛಾಯಾಗ್ರಾಹಕರಿಗೆ ಏನು ಹೇಳೋಣ!

ಕಳಿಸುವುದು ಎಲ್ಲಿಗೆ? ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ. ಪಾರಿವಾಳ ಬಂಧನದಲ್ಲಿದ್ದ ಅದೇ ಊರಿನಲ್ಲಿ ದಶಕಗಳಿಂದ ಉಂಗುರಗಳ ಲೆಕ್ಕ ಇಡುತ್ತಿರುವ ಸಂಸ್ಥೆ ಅದು. ಅದು ತೊಡಿಸುವ ಉಂಗುರದ ಮೇಲೆ ‘ನಮಗೆ ತಿಳಿಸಿ’ ಎಂಬರ್ಥದ ಮಾತು ಅಚ್ಚಾಗಿರುತ್ತದೆ. ಸತ್ತ ಹಕ್ಕಿಯ ಕಾಲಲ್ಲಿ ಉಂಗುರ ಕಂಡರೂ ಇದೇ ಕ್ರಮ. ಹಕ್ಕಿಜ್ವರದ ಕಾಲವಾದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ, ಅಂಕಿ ಕಾಣುವಂತೆ ಒಂದು ಫೋಟೊ ಸಾಕು.