ಆ ಪಟ್ಟಿಯನ್ನು ಮಡಚಿಡಿ

ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಬ್ಯಾಂಕ್, ಎಸ್‌ಎಸ್‌ಸಿ, ರೈಲ್ವೆ ಪರೀಕ್ಷೆಗಳಿಗಾಗಿ ಊರು ಬಿಟ್ಟು ಬಂದು ಪಿ.ಜಿ.ಗಳಲ್ಲಿ ಉಳಿದ ಹುಡುಗ ಹುಡುಗಿಯರು ಅಲ್ಲಿಂದ ಒಯ್ಯುವ ಕಟ್ಟುಗಳಲ್ಲಿ ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿ ಇದ್ದೇ ಇರುತ್ತದೆ. ಎಡಕ್ಕೆ ಒಂದು ಪದ, ಬಲಕ್ಕೆ ಅದೇ ಅರ್ಥದ ನಾಲ್ಕೈದು ಪದ. ದಿನಕ್ಕೊಂದು ಪುಟ ಬಾಯಿಪಾಠ. ಈ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವವಳು ನಾನು. ಆ ಪಟ್ಟಿಯನ್ನು ಮಡಚಿ ಒಳಗಿಡಿ ಎಂದು ಅವರಿಗೂ, ಅದನ್ನು ಹಂಚುವ ಕೋಚಿಂಗ್ ಕೇಂದ್ರಗಳಿಗೂ ಕೇಳಿಕೊಳ್ಳುತ್ತಿದ್ದೇನೆ.

ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ರೋಣ, ಸವದತ್ತಿ, ಸಿಂದಗಿ ಕಡೆಯವರು. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. "ಮೇಡಂ, ಬಾಯಿಪಾಠ ಏನೋ ಮಾಡೇನ್ರಿ. ಪ್ರಶ್ನೆಪತ್ರಿಕಿ ನೋಡಿದ ಕೂಡ್ಲೆ ನಾಲ್ಕೂ ಆಪ್ಶನ್ ಒಂದ ಥರಾ ಕಾಣಸ್ತಾವ್ರಿ" ಎಂದು ಒಬ್ಬ ಹುಡುಗ ಹೇಳಿದಾಗ ಹಿಂದಿನ ಬೆಂಚಿನವರೂ ಹೌದೌದು ಎಂದರು.

ಇದು ಅವನ ದಡ್ಡತನವಲ್ಲ. ಹತ್ತಿರದ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕಲಿಯಹೊರಟರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಥಾಮಸ್ ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಉಡುಪುಗಳ ಹೆಸರಿನಂಥ ಒಂದೇ ಗುಂಪಿನ ಪದಗಳನ್ನು ಕಲಿಯಲು, ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಬೇಕಾಯಿತು. ಜಪಾನಿನಲ್ಲಿ ರಾಬ್ ವೇರಿಂಗ್ 1997ರಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಅದೇ ಫಲ. ಅಂಗಿ, ಜಾಕೆಟ್, ಸ್ವೆಟರ್‌ಗಳೇ ಹೀಗೆ ಗೊಂದಲವಾದರೆ, ಅರ್ಥ ಹೆಚ್ಚುಕಡಿಮೆ ಒಂದೇ ಆಗಿರುವ ಐದು ಅಪರಿಚಿತ ಪದಗಳ ಗತಿಯೇನು? ಕೇಂದ್ರಗಳು ಕೊಡುವುದು ಇಂಥ ಐದೈದರ ಸಾಲುಗಳನ್ನೇ.

ನೆನಪು ಉಳಿದರೂ ತೊಂದರೆ ತಪ್ಪದು. ನಾನು ನೋಡಿದ ಒಂದು ಪಟ್ಟಿಯಲ್ಲಿ 'ಫ್ರುಗಲ್' ಮತ್ತು 'ಮೈಸರ್ಲಿ' ಅಕ್ಕಪಕ್ಕ ಕೂತಿದ್ದವು. ಮೊದಲನೆಯದು ಹೊಗಳಿಕೆ, ಎರಡನೆಯದು ಬೈಗುಳ. ಕನ್ನಡದಲ್ಲಿ ಈ ಮಕ್ಕಳು ಇಂಥ ತಪ್ಪು ಮಾಡುವುದೇ ಇಲ್ಲ. ಅಜ್ಜಿಯನ್ನು ಕೈಹಿಡಿತದವಳು ಅನ್ನುತ್ತಾರೆ, ಬಡ್ಡಿ ಸಾಹುಕಾರನನ್ನು ಜಿಪುಣ ಅನ್ನುತ್ತಾರೆ, ಅದಲುಬದಲು ಮಾಡುವುದಿಲ್ಲ. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಪಟ್ಟಿ ಕೊಟ್ಟು ಕಲಿಸಿರಲಿಲ್ಲ. ಯಾರು ಯಾರಿಗೆ ಯಾವಾಗ ಅಂದರು ಎಂಬುದನ್ನು ಕೇಳುತ್ತ ಕೇಳುತ್ತ ಬಂದ ತಿಳಿವಳಿಕೆ ಅದು. ಇಂಗ್ಲಿಷ್ ಪದಕ್ಕೂ ಅಂಥ ಸಂದರ್ಭ ಬೇಕು, ಪಟ್ಟಿ ಕಿತ್ತುಹಾಕುವುದು ಅದನ್ನೇ.

ಪರೀಕ್ಷೆಯೂ ಅದನ್ನೇ ಕೇಳುತ್ತಿದೆ. ಎಸ್‌ಎಸ್‌ಸಿ ಸಿಜಿಎಲ್‌ನ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪಿಗೆ ಅರ್ಧ ಅಂಕ ಕಡಿತ. ನೇರ ಸಮಾನಾರ್ಥಕಗಳು ಅದರಲ್ಲಿ ಕೆಲವೇ. ಉಳಿದವುಗಳಲ್ಲಿ ವಾಕ್ಯದ ತಪ್ಪು, ಬಿಟ್ಟ ಸ್ಥಳ, ಪ್ಯಾರಾದೊಳಗಿನ ಖಾಲಿ ಜಾಗದ ಪ್ರಶ್ನೆಗಳಿರುತ್ತವೆ. ಅಮೆರಿಕದ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ 2011ರಲ್ಲೇ ಒಂಟಿ ಪದ ಕೊಟ್ಟು ವಿರುದ್ಧಾರ್ಥ ಕೇಳುವುದನ್ನು ಕೈಬಿಟ್ಟಿತು. ಈಗ ಒಂದು ವಾಕ್ಯ ಕೊಟ್ಟು, ಅದರ ಅರ್ಥ ಒಂದೇ ಆಗಿ ಉಳಿಯುವಂಥ ಎರಡು ಪದಗಳನ್ನು ಆರರಲ್ಲಿ ಆರಿಸಲು ಹೇಳುತ್ತದೆ. ನಮ್ಮ ಗುಮಾಸ್ತ ಹುದ್ದೆಯ ಬ್ಯಾಂಕ್ ಪರೀಕ್ಷೆಯಲ್ಲಿ ಗಣಿತ, ತಾರ್ಕಿಕ ಪ್ರಶ್ನೆಗಳನ್ನು ಕನ್ನಡದಲ್ಲೇ ಓದಿ ಬಿಡಿಸುವ ಅವಕಾಶ ಬಂದಿದೆ. ಬಹುಕಾಲ ಕೇಳಿ ಪಡೆದ ಅವಕಾಶ ಅದು, ಸಂತೋಷ. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಉಳಿದಿದೆ: ಪೂರ್ವಭಾವಿ ಪರೀಕ್ಷೆಯಲ್ಲಿ 20 ನಿಮಿಷಕ್ಕೆ 30 ಪ್ರಶ್ನೆ. ಹಳ್ಳಿಯ ಮಕ್ಕಳು ಎಡವುವುದು ಅಲ್ಲಿಯೇ. ಆದ್ದರಿಂದಲೇ ಅವರ ಒಂದೊಂದು ಗಂಟೆಯೂ ಸರಿಯಾದ ಕಡೆ ಖರ್ಚಾಗಬೇಕೆಂದು ನನ್ನ ಹಟ.

ತರಗತಿಯಲ್ಲಿ ನಾನು ತಪ್ಪದೆ ಹೇಳುವ ಒಂದು ಸಂಗತಿಯಿದೆ. 1997ರಲ್ಲಿ ಥಾಮಸ್ ಲ್ಯಾಂಡೌರ್ ಮತ್ತು ಸೂಸನ್ ಡುಮೈ ಎಂಬ ಅಮೆರಿಕದ ವಿಜ್ಞಾನಿಗಳು ಟೋಫೆಲ್ ಪರೀಕ್ಷೆಯ 80 ಸಮಾನಾರ್ಥಕ ಪ್ರಶ್ನೆಗಳನ್ನು ತಮ್ಮ ಗಣಕ ವಿಧಾನಕ್ಕೆ ಕೊಟ್ಟು ನೋಡಿದರು. ಅದು ಶೇ 64ರಷ್ಟನ್ನು ಸರಿ ಮಾಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶಗಳಿಂದ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದವರ ಸರಾಸರಿಯೂ ಅಷ್ಟೇ ಇತ್ತು. ಆ ಗಣಕಕ್ಕೆ ಯಾರೂ ಸಮಾನಾರ್ಥಕಗಳ ಪಟ್ಟಿ ಕೊಟ್ಟಿರಲಿಲ್ಲ, ನಿಘಂಟನ್ನೂ ಕೊಟ್ಟಿರಲಿಲ್ಲ. ಒಂದು ವಿಶ್ವಕೋಶದ ಮೂವತ್ತು ಸಾವಿರ ಲೇಖನಗಳಲ್ಲಿ ಯಾವ ಪದ ಯಾವ ಪದಗಳ ಜೊತೆ ಬರುತ್ತದೆ ಎಂಬ ಲೆಕ್ಕವಷ್ಟೇ ಅದರ ಬಂಡವಾಳ. ಇದನ್ನು ಕೇಳಿದ ಮೇಲೆ ಮಕ್ಕಳು ಓದುವುದನ್ನು ಸಮಯ ಹಾಳು ಅನ್ನುವುದಿಲ್ಲ.

ಹಾಗಾದರೆ ಮಾಡುವುದೇನು? ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಒಂದು ಪ್ಯಾರಾ ಸಾಕು. ಗೊತ್ತಿಲ್ಲದ ಪದ ಸಿಕ್ಕಿದರೆ ಅದಿದ್ದ ಇಡೀ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿ. ಈಗಾಗಲೇ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಪದದ ಪಕ್ಕ ಅದನ್ನಿಟ್ಟು, ಎರಡರ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಮರುದಿನ ಹೊಸ ಪದವನ್ನು ಕೈಯಿಂದ ಮುಚ್ಚಿ ವಾಕ್ಯ ಓದಿ, ನೆನಪಿಸಿಕೊಳ್ಳಿ. ವಾರ ಬಿಟ್ಟು ಮತ್ತೊಮ್ಮೆ. ಇನ್ನೊಂದು ಸಮಾನಾರ್ಥಕ ಬೇಕೆನಿಸಿದರೆ ಮೊದಲನೆಯದು ಗಟ್ಟಿಯಾದ ಮೇಲೆ ಸೇರಿಸಿ. ಹೀಗೆ ದಿನಕ್ಕೆ ಏಳೆಂಟು ಪದವೂ ಆಗುವುದಿಲ್ಲ. ಆಗದಿದ್ದರೆ ಬೇಡ.

ನಿಘಂಟು ಕೊಳ್ಳುವುದಾದರೆ ಉದಾಹರಣೆ ವಾಕ್ಯಗಳಿರುವುದನ್ನು ಕೊಳ್ಳಿ. ಎ.ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತ, ಇಂಗ್ಲಿಷ್ ಮನೆಮಾತಲ್ಲದವರ ಕಷ್ಟ ಕಂಡು ರೂಪಿಸಿದ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಅದು ನಮ್ಮ ಮಕ್ಕಳಂಥವರಿಗಾಗಿಯೇ ಹುಟ್ಟಿದ ಪುಸ್ತಕ, ಆದರೆ ಬೆಲೆ ಅವರ ಕೈಗೆ ಭಾರ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಣ ಮುಗಿದು ಪಿ.ಜಿ. ಬಿಟ್ಟು ಊರಿಗೆ ಮರಳಿದ ಹುಡುಗಿ ಓದು ಮುಂದುವರಿಸುವುದು ಅಲ್ಲಿಯೇ. ಪ್ರತಿ ಅರಿವು ಕೇಂದ್ರಕ್ಕೂ ಇಂಥದೊಂದು ನಿಘಂಟು, ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ ಬರಲಿ. ಕೋಚಿಂಗ್ ಕೇಂದ್ರಗಳವರು ಮುಂದಿನ ಬ್ಯಾಚ್‌ನ ಮೊದಲ ದಿನ ಪಟ್ಟಿಯ ಬದಲು ಹಿಂದಿನ ವಾರದ ಸಂಪಾದಕೀಯಗಳನ್ನು ಝೆರಾಕ್ಸ್ ಮಾಡಿಸಿ ಹಂಚಲಿ. ಖರ್ಚು ಅಷ್ಟೇ ಬೀಳುತ್ತದೆ.