ಮನೆಗೆ ಬೇಕಾದ ವಿಜ್ಞಾನ: ದೋಣಿಯ ಬ್ಯಾಟರಿಗೆ ಬಿಸಿಲಿನ ಆಹಾರ

ಕರಾವಳಿಯ ವಾಚಕ ಸೋದರಿಯೊಬ್ಬರು ನಮಗೆ ಹೀಗೆ ಬರೆದು ಕೇಳಿರುವರು: “ನಮ್ಮ ಮನೆಯವರು ಸಣ್ಣ ದೋಣಿಯಲ್ಲಿ ರಾತ್ರಿ ಮೀನಿಗೆ ಹೋಗುತ್ತಾರೆ. ದೀಪಕ್ಕೂ ವೈರ್‌ಲೆಸ್ಸಿಗೂ ಇಟ್ಟ ಬ್ಯಾಟರಿಯು ವರ್ಷ ತುಂಬುವ ಮೊದಲೇ ಕೆಟ್ಟುಹೋಗುತ್ತದೆ. ಸೋಲಾರ್ ಫಲಕ ಕೂರಿಸಿದರೆ ಪ್ರಯೋಜನವುಂಟೇ? ಕೂಡಿಟ್ಟ ಹಣ ಸ್ವಲ್ಪವೇ ಇದೆ.” ಈ ಪ್ರಶ್ನೆಯು ಒಂದು ಮನೆಯದಲ್ಲ, ಅನೇಕ ಮನೆಗಳದು. ದೀಪವಾರಿದ ದೋಣಿಯು ಎದುರು ಬರುವ ಹಡಗಿನವರ ಕಣ್ಣಿಗೆ ಬೀಳದು. ವೈರ್‌ಲೆಸ್ ಮೂಕವಾದರೆ ಇವರ ಕೂಗು ದಡವನ್ನು ಮುಟ್ಟದು. ಆದಕಾರಣ ಈ ಸಲ ಇದನ್ನೇ ವಿಚಾರಿಸುವೆವು.

ಮೊದಲು, ಬ್ಯಾಟರಿಯು ಅಕಾಲದಲ್ಲಿ ಕೆಡುವುದೇಕೆ? ಸೀಸದ ಬ್ಯಾಟರಿಯೆಂಬುದು ಒಂದು ಕಣಜದಂತೆ. ಅರ್ಧದವರೆಗೆ ತೆಗೆದು ಮತ್ತೆ ತುಂಬುತ್ತಿದ್ದರೆ ಬಹುಕಾಲ ಬಾಳುವುದು. ತಳ ಕಾಣುವವರೆಗೆ ಬಳಿದರೆ ಬೀಜದ ಕಾಳನ್ನೂ ಉಂಡಂತಾಗುವುದು. ಅಲ್ಲದೆ, ಬರಿದಾದುದನ್ನು ಬಹಳ ದಿನ ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಳ್ಳುವುದು. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿ ಕರಗದು. ಮೋಟಾರು ಗಾಡಿಯ ಬ್ಯಾಟರಿಯನ್ನು ದೋಣಿಯ ದೀಪಕ್ಕೆ ಇಡುವವರು ಅನೇಕರುಂಟು. ಅದು ಎಂಜಿನನ್ನು ಒಂದು ಕ್ಷಣ ಎಬ್ಬಿಸಲು ಮಾಡಿದುದೇ ಹೊರತು ರಾತ್ರಿಯೆಲ್ಲ ದುಡಿಯಲು ಅಲ್ಲ. ಇದಕ್ಕೆ ಟ್ಯೂಬ್ಯುಲರ್ ಜಾತಿಯದೇ ತಕ್ಕುದು.

ಸೌರಫಲಕದ ದೊಡ್ಡ ಉಪಕಾರವೆಂದರೆ, ರಾತ್ರಿ ತೆಗೆದುದನ್ನು ಮರುದಿನವೇ ತುಂಬಿಕೊಡುವುದು. ಇದರ ಲೆಕ್ಕವನ್ನು ಮನೆಯ ಖರ್ಚಿನಂತೆಯೇ ಮಾಡಬಹುದು. ದೀಪಗಳಿಗೆ 10 ವಾಟ್, ವೈರ್‌ಲೆಸ್ ಮುಂತಾದುವಕ್ಕೆ 20 ವಾಟ್. ಹತ್ತು ಗಂಟೆಗೆ ಒಟ್ಟು 300 ವಾಟ್-ಗಂಟೆಯ ವೆಚ್ಚ. ಇನ್ನು ಆದಾಯ: 100 ವಾಟಿನ ಫಲಕಕ್ಕೆ ನಮ್ಮ ಬೇಸಗೆಯ ದಿನದಲ್ಲಿ ಸುಮಾರು 5 ಗಂಟೆಯ ಪೂರ್ಣ ಬಿಸಿಲು ದೊರೆತಂತೆ ಎಣಿಸಿದರೆ 500. ಕಾವು, ಧೂಳು, ತಂತಿಗಳಲ್ಲಿ ಸೋರಿಹೋಗುವುದನ್ನು ಕಳೆದು 350 ಕೈಗೆ ಬರುವುದು. 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು 1200. ಅದರ ಅರ್ಧ 600. ಎಂದರೆ ಒಂದು ದಿನ ಮೋಡ ಮುಸುಕಿದರೂ ಎರಡು ರಾತ್ರಿ ಭಯವಿಲ್ಲ.

ಆದರೆ ಫಲಕದ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕಟ್ಟಕೂಡದು. 12 ವೋಲ್ಟಿನದೆಂದು ಮಾರುವ ಫಲಕವು ಬಿಸಿಲಿನಲ್ಲಿ 17-18 ವೋಲ್ಟನ್ನು ಕೊಡುವುದು. ಬ್ಯಾಟರಿಗೋ 14.4ರ ಆಚೆ ಅಜೀರ್ಣ: ನೀರು ಕುದಿದಂತಾಗಿ ಹೈಡ್ರೋಜನ್ ಅನಿಲವೇಳುವುದು. ಇವೆರಡರ ನಡುವೆ ಚಾರ್ಜ್ ಕಂಟ್ರೋಲರೆಂಬ ಸಣ್ಣ ಪೆಟ್ಟಿಗೆ ಇರಲೇಬೇಕು. ಹೊಟ್ಟೆ ತುಂಬುತ್ತಲೇ ಬಡಿಸುವುದನ್ನು ಕಡಿಮೆ ಮಾಡುವುದೂ, ರಾತ್ರಿ ವಿದ್ಯುತ್ತು ಫಲಕದ ಕಡೆಗೆ ಹಿಂದೆ ಹರಿಯದಂತೆ ತಡೆಯುವುದೂ ಅದರ ಕೆಲಸ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಜು ಇರಲಿ; ಅದನ್ನಿಟ್ಟ ಪೆಟ್ಟಿಗೆಗೆ ಗಾಳಿಯಾಡಲಿ; ಹತ್ತಿರ ಬೀಡಿ ಹಚ್ಚದಿರಲಿ.

ಫಲಕಕ್ಕೆ ನೆರಳು ಶತ್ರು. ಅದರೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಲ್ಪಟ್ಟಿರುವುದರಿಂದ, ಕಂಬದ ನೆರಳು ಒಂದೆರಡರ ಮೇಲೆ ಬಿದ್ದರೂ ಉಳಿದವುಗಳ ದುಡಿಮೆ ಕುಗ್ಗುವುದು. ಉಪ್ಪು ಕಟ್ಟಿದ ಗಾಜನ್ನು ಸಿಹಿನೀರಿನಿಂದ ಒರೆಸಬೇಕು. ಅಡಿಯಲ್ಲಿ ಗಾಳಿ ಸುಳಿಯುವಷ್ಟು ಎಡೆ ಬಿಡಬೇಕು. ಫಲಕ ಕಾದಷ್ಟೂ ಫಲ ಕಡಿಮೆ.

ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧವಷ್ಟೆ. ಎಷ್ಟೋ ಬ್ಯಾಟರಿಗಳು ಸಾಯುವುದು ಈ ವಿಶ್ರಾಂತಿಯಲ್ಲಿಯೇ! ದೋಣಿ ನಿಲ್ಲಿಸುವ ಮೊದಲು ಪೂರ್ತಿ ತುಂಬಿ ಮನೆಗೆ ತಂದಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿ, ಡಿಸ್ಟಿಲ್ಡ್ ನೀರಿನ ಮಟ್ಟವನ್ನು ನೋಡುವುದು ಗೃಹಿಣಿಯರಿಂದಲೂ ಸಾಧ್ಯ.

ದೀಪವನ್ನಲ್ಲದೆ ನಾವೆಯನ್ನೇ ಸೂರ್ಯನು ನಡೆಸಿಯಾನೇ ಎಂದು ಕೇಳುವವರಿಗೆ ನೆರೆಯ ಕೇರಳವೇ ಉತ್ತರ. 1924ರ ಸತ್ಯಾಗ್ರಹದಿಂದ ಖ್ಯಾತವಾದ ವೈಕಂನಿಂದ ವೇಂಬನಾಡು ಸರೋವರವನ್ನು ದಾಟಿ ತವಣಕ್ಕಡವಿಗೆ ಹೋಗುವ “ಆದಿತ್ಯ” ಎಂಬ ಸರಕಾರಿ ನಾವೆಯು 2017ರ ಜನವರಿಯಲ್ಲಿ ಸಂಚಾರವನ್ನಾರಂಭಿಸಿತು. 75 ಜನರನ್ನು ಕೂರಿಸಿಕೊಳ್ಳುವ ಇದರ ಮಾಡಿನ ಮೇಲೆ 20 ಕಿಲೋವಾಟಿನ ಫಲಕಗಳನ್ನು ಹೊದಿಸಲಾಯಿತು. ಒಡಲಲ್ಲಿ 50 ಕಿಲೋವಾಟ್-ಗಂಟೆಯ ಲಿಥಿಯಂ ಬ್ಯಾಟರಿಯನ್ನಿಡಲಾಯಿತು. ಡೀಸೆಲಿನ ಹೊಗೆಯೂ ಇಲ್ಲ, ಎಂಜಿನಿನ ಗದ್ದಲವೂ ಇಲ್ಲ. ಬಿಸಿಲು ಸಾಲದ ದಿನಕ್ಕೆ ದಡದ ವಿದ್ಯುತ್ತನ್ನು ತುಂಬಿಕೊಳ್ಳುವ ಏರ್ಪಾಡನ್ನೂ ಅದಕ್ಕೆ ಮಾಡಿರುವುದು ವಿವೇಕದ ಮಾತು.

ಪ್ರಶ್ನಿಸಿದ ಸೋದರಿಗೆ ನಮ್ಮ ಸಲಹೆ ಇಷ್ಟು. ಫಲಕದಿಂದ ಪ್ರಯೋಜನ ನಿಶ್ಚಯವಾಗಿಯೂ ಉಂಟು. ಹಣ ಸಾಲದಿದ್ದರೆ ಫಲಕವನ್ನು ಚಿಕ್ಕದು ಕೊಂಡು ದಡದಲ್ಲಿಯೂ ಚಾರ್ಜು ಮಾಡಿಸುತ್ತಿರಿ. ಕಂಟ್ರೋಲರಿನಲ್ಲಿಯೂ ಫ್ಯೂಜಿನಲ್ಲಿಯೂ ಉಳಿತಾಯವೆಣಿಸಬೇಡಿ. ಒಂದು ವೋಲ್ಟ್ ಮೀಟರನ್ನು ಮನೆಯಲ್ಲಿಟ್ಟುಕೊಳ್ಳಿ. ಚಾರ್ಜು ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ 12.6 ತೋರಿದರೆ ಕಣಜ ತುಂಬಿದೆ, 12.2 ತೋರಿದರೆ ಅರ್ಧವಾಗಿದೆ. ಅದಕ್ಕೂ ಕೆಳಗಿದ್ದರೆ ಆ ರಾತ್ರಿ ಅದನ್ನು ನಂಬಿ ಕಡಲಿಗಿಳಿಯಲು ಮನೆಯವರನ್ನು ಬಿಡಬೇಡಿ.